ಅಮೆರಿಕದ ಹೃದಯತಜ್ಞರ ಸಂಘ: ಯಾವ ಕೆಲಸಕ್ಕೆ ಯಾರ ಬಾಗಿಲು?

ಅಮೆರಿಕದಲ್ಲಿ ಕಾರ್ಡಿಯಾಲಜಿಸ್ಟರನ್ನು ಹುಡುಕುವಾಗ ವೈದ್ಯರ ಹೆಸರಿನ ಪಕ್ಕ ‘ಎಫ್‌ಎಸಿಸಿ’ ಎಂದಿರುವುದನ್ನು ನೋಡಿರುತ್ತೀರಿ. ನಮ್ಮವರು ಬಹಳ ಜನ ಅದನ್ನು ಡಿಗ್ರಿ ಅಂದುಕೊಳ್ಳುತ್ತಾರೆ. ಅದು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ, ಅಂದರೆ ಎಸಿಸಿ, ತನ್ನ ಸದಸ್ಯರಿಗೆ ಕೊಡುವ ಫೆಲೋ ಗೌರವ. 1949ರಲ್ಲಿ ಶುರುವಾದ ಈ ಸಂಘದ ಕಚೇರಿ ವಾಷಿಂಗ್ಟನ್ ಡಿ.ಸಿ.ಯಲ್ಲಿದೆ. ಇದು ಆಸ್ಪತ್ರೆಯೂ ಅಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಹೃದಯತಜ್ಞರು ತಾವೇ ಕಟ್ಟಿಕೊಂಡ ವೃತ್ತಿ ಸಂಘ.

ವೈದ್ಯರಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡ್. ವೈದ್ಯರ ಮೇಲೆ ದೂರಿದ್ದರೂ ಹೋಗಬೇಕಾದ್ದು ಅಲ್ಲಿಗೇ. ಎಂ.ಡಿ. (ಇಲ್ಲಿ ಇದು ವೈದ್ಯರ ಮೊದಲ ಪದವಿ) ಮುಗಿಸಿ, ಇಂಟರ್ನಲ್ ಮೆಡಿಸಿನ್‌ನಲ್ಲಿ 3 ವರ್ಷ, ಕಾರ್ಡಿಯಾಲಜಿಯಲ್ಲಿ ಸಾಮಾನ್ಯವಾಗಿ ಮತ್ತೆ 3 ವರ್ಷ ತರಬೇತಿ ಪಡೆದವರಿಗೆ ಪರೀಕ್ಷೆ ನಡೆಸಿ ತಜ್ಞರೆಂದು ಪ್ರಮಾಣಪತ್ರ ಕೊಡುವುದು ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್. ಈ ಎರಡನ್ನೂ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲು ಇವನ್ನು ನೋಡಿಕೊಳ್ಳಿ, ಎಫ್‌ಎಸಿಸಿ ಆಮೇಲೆ. 1924ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತೊಂದು ಸಂಸ್ಥೆ; ಅದು ಸಾರ್ವಜನಿಕರಿಂದ ದೇಣಿಗೆ ಪಡೆದು ಸಂಶೋಧನೆಗೆ ಹಣ ಕೊಡುತ್ತದೆ, ಹೃದಯ ನಿಂತಾಗ ಎದೆ ಒತ್ತಿ ಕೊಡುವ ತುರ್ತು ನೆರವನ್ನು, ಅಂದರೆ ಸಿಪಿಆರ್, ಕಲಿಸುತ್ತದೆ.

ಹಾಗಾದರೆ ಎಸಿಸಿಯಿಂದ ನಮಗೇನು? ಚಿಕಿತ್ಸೆಯ ಮಾರ್ಗಸೂಚಿ. ಹಾರ್ಟ್ ಅಸೋಸಿಯೇಷನ್ ಜೊತೆ ಸೇರಿ ಎಸಿಸಿ ಬರೆಯುವ ಗೈಡ್‌ಲೈನ್‌ಗಳನ್ನು ದೇಶದ ಬಹುಪಾಲು ಹೃದಯತಜ್ಞರು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಪ್ರತಿ ಸಲಹೆಗೂ ಒಂದು ದರ್ಜೆ ಇರುತ್ತದೆ: 1 ಎಂದರೆ ಮಾಡಲೇಬೇಕಾದ್ದು, 2ಎ ಮಾಡುವುದು ಒಳ್ಳೆಯದು, 2ಬಿ ಮಾಡಬಹುದು, 3 ಎಂದರೆ ಪ್ರಯೋಜನವಿಲ್ಲ ಅಥವಾ ಹಾನಿಯಿದೆ. “ಈ ಪರೀಕ್ಷೆ ನನ್ನ ವಿಷಯದಲ್ಲಿ ಯಾವ ದರ್ಜೆಯದು ಡಾಕ್ಟ್ರೇ?” ಎಂದು ಕೇಳಲು ಸಂಕೋಚ ಬೇಡ. ಇಲ್ಲಿನ ವೈದ್ಯರಿಗೆ ಇದು ಅಧಿಕಪ್ರಸಂಗ ಅನ್ನಿಸುವುದಿಲ್ಲ.

ನಮಗೆ ನೇರವಾಗಿ ತಾಗುವ ಒಂದು ಸಾಲು 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿದೆ. ದಕ್ಷಿಣ ಏಷ್ಯಾ ಮೂಲದವರಾಗಿರುವುದೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹೃದ್ರೋಗದ ಅಪಾಯ ಅಳೆಯಲು ಆಗ ಬಳಕೆಯಲ್ಲಿದ್ದ ಲೆಕ್ಕದ ಸೂತ್ರ ಬಿಳಿಯರು ಮತ್ತು ಕಪ್ಪು ಜನರ ಮಾಹಿತಿಯಿಂದ ಕಟ್ಟಿದ್ದು. ನಮ್ಮಂಥವರ ಅಪಾಯವನ್ನು ಅದು ಕಡಿಮೆ ತೋರಿಸಬಹುದು. ಊರಲ್ಲಿ 45ರ ಹೊತ್ತಿಗೇ ಹಾರ್ಟ್ ಅಟ್ಯಾಕ್ ಆದ ಚಿಕ್ಕಪ್ಪ, ಸೋದರಮಾವ ಯಾರ ಮನೆಯಲ್ಲಿಲ್ಲ ಹೇಳಿ! ಆದ್ದರಿಂದ 40 ದಾಟಿದವರು ವಾರ್ಷಿಕ ತಪಾಸಣೆಗೆ ಹೋದಾಗ ಮೂರು ವಿಷಯ ತಾವಾಗಿಯೇ ಹೇಳಬೇಕು: ನಾನು ದಕ್ಷಿಣ ಏಷ್ಯಾದವನು ಅಥವಾ ದಕ್ಷಿಣ ಏಷ್ಯಾದವಳು, ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿತ್ತೇ, ಗರ್ಭಿಣಿಯಾಗಿದ್ದಾಗ ಬಿಪಿ ಏರಿ ತೊಂದರೆಯಾಗಿತ್ತೇ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ತೀರ್ಮಾನವಾಗದಿದ್ದರೆ, ರಕ್ತನಾಳದ ಗೋಡೆಯ ಸುಣ್ಣವನ್ನು ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಸಿಟಿ ಸ್ಕ್ಯಾನ್ ಬಗ್ಗೆ ಕೇಳಿ. ಇದಕ್ಕೆ ಎಷ್ಟೋ ಸಲ ಇನ್ಶೂರೆನ್ಸ್ ಹಣ ಕೊಡುವುದಿಲ್ಲ; ಖರ್ಚು ಮೊದಲೇ ವಿಚಾರಿಸಿಕೊಳ್ಳಿ.

ಆಸ್ಪತ್ರೆಗಳಲ್ಲಿ ನಡೆಯುವ ಹೃದಯ ಚಿಕಿತ್ಸೆಗಳ ಲೆಕ್ಕ ಇಡುವುದು ಎಸಿಸಿಯ ಮತ್ತೊಂದು ಕೆಲಸ. ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆಗಳ ಮಾಹಿತಿ ಅದರ ರಿಜಿಸ್ಟ್ರಿಗೆ, ಅಂದರೆ ದಾಖಲೆ ಸಂಗ್ರಹಕ್ಕೆ, ಹೋಗುತ್ತದೆ. ತೀವ್ರ ಹೃದಯಾಘಾತದ ರೋಗಿ ಬಾಗಿಲಿಗೆ ಬಂದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕೆಂದು 2006ರಲ್ಲಿ ಎಸಿಸಿ ದೇಶವ್ಯಾಪಿ ಅಭಿಯಾನವನ್ನೇ ನಡೆಸಿತು. ಆ 90 ನಿಮಿಷ ನಿಮಗೆ ದಕ್ಕಬೇಕಾದರೆ ಎದೆನೋವು ಬಂದಾಗ 911ಕ್ಕೆ ಕರೆ ಮಾಡಿ, ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. ಆಂಬುಲೆನ್ಸ್‌ನಲ್ಲೇ ಇಸಿಜಿ ತೆಗೆದು ಆಸ್ಪತ್ರೆಗೆ ಮುಂಚೆಯೇ ತಿಳಿಸಬಲ್ಲರು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ವಿಷಯದಲ್ಲಿ ಬಿಲ್ಲಿಗೆ ಹೆದರಿ ತಡಮಾಡಬೇಡಿ. 1986ರ ಫೆಡರಲ್ ಕಾನೂನಿನಂತೆ, ಹಣವಿರಲಿ ಇಲ್ಲದಿರಲಿ, ತುರ್ತು ವಿಭಾಗ ಪರೀಕ್ಷಿಸಿ ರೋಗಿಯ ಸ್ಥಿತಿಯನ್ನು ಹಿಡಿತಕ್ಕೆ ತರಲೇಬೇಕು. ಆದರೆ ಬಿಲ್ಲು ಮನ್ನಾ ಆಗುವುದಿಲ್ಲ.

ವೈದ್ಯರು ಬರೆದ ಪರೀಕ್ಷೆಗೆ ಇನ್ಶೂರೆನ್ಸ್ ಕಂಪನಿ ಒಪ್ಪದಿದ್ದರೂ ಮಾರ್ಗಸೂಚಿ ಕೈಹಿಡಿಯುತ್ತದೆ. ಕಂಪನಿಯ ವೈದ್ಯರೊಡನೆ ನೇರವಾಗಿ ಮಾತಾಡುವಂತೆ ನಿಮ್ಮ ಕಾರ್ಡಿಯಾಲಜಿಸ್ಟರನ್ನು ಕೇಳಿ; ಮೇಲ್ಮನವಿ ಪತ್ರದಲ್ಲಿ ಎಸಿಸಿ ಸಲಹೆಯ ವರ್ಷ, ದರ್ಜೆ ಎರಡನ್ನೂ ಬರೆಸಿ. ಅಲ್ಲೂ ಆಗದಿದ್ದರೆ ಹೆಚ್ಚಿನ ಪಾಲಿಸಿಗಳಲ್ಲಿ ಕಂಪನಿಯ ಹೊರಗಿನವರಿಂದ ಮರುಪರಿಶೀಲನೆ ಕೇಳುವ ಹಕ್ಕಿದೆ. ಅದರ ಗಡುವು ನಿರಾಕರಣೆಯ ಪತ್ರದಲ್ಲೇ ಇರುತ್ತದೆ.