ನನ್ನ ಟಿಪ್ಪಣಿಗೆ ಬೇರೆಯವರ ಬೀಗ

ನಾನು ಸ್ವತಂತ್ರ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಪ್ರೋಗ್ರಾಂಗಳ) ಕಡೆಗೆ ಬಂದದ್ದು ಸಿದ್ಧಾಂತ ಓದಿ ಅಲ್ಲ, ಸಿಟ್ಟು ಬಂದು. ಟಿಪ್ಪಣಿ ಬರೆಯುವ ಒಂದು ಪ್ರೋಗ್ರಾಂ ಇತ್ತು, ದುಡ್ಡು ಕೊಟ್ಟೇ ತಗೊಂಡಿದ್ದೆ. ಒಂಬತ್ತು ವರ್ಷ ಅದರಲ್ಲೇ ಬರೆದೆ. ಕೆಲಸದ ಲೆಕ್ಕ, ಓದಿದ ಪುಸ್ತಕದಲ್ಲಿ ಇಷ್ಟವಾದ ಸಾಲು, ಅಪ್ಪನ ಮಾತ್ರೆಗಳ ಪಟ್ಟಿ, ಎಲ್ಲಾ ಅಲ್ಲೇ. ಒಂದು ದಿನ ಅಪ್‌ಡೇಟ್ ಬಂತು. ಮಾಮೂಲಿ ಅಂದುಕೊಂಡು ಒತ್ತಿದೆ. ಮತ್ತೆ ತೆರೆದರೆ ಒಂದು ಪರದೆ: ಇನ್ನು ಮೇಲೆ ತಿಂಗಳ ಚಂದಾ ಕಟ್ಟಬೇಕಂತೆ, ಅಲ್ಲಿಯವರೆಗೆ ಹಳೆಯ ಟಿಪ್ಪಣಿ ನೋಡುವುದಕ್ಕೂ ಆಗುವುದಿಲ್ಲವಂತೆ.

ಚಂದಾ ದೊಡ್ಡ ಮೊತ್ತವೇನಲ್ಲ. ಕಟ್ಟಬಹುದಿತ್ತು. ಆದರೆ ಬರೆದವನು ನಾನು, ಬೀಗದ ಕೈ ಅವರ ಹತ್ತಿರ, ಇದು ಯಾವ ನ್ಯಾಯ? ಇಂಗ್ಲಿಷಿನ ಫ್ರೀ ಅನ್ನುವ ಪದಕ್ಕೆ ಪುಕ್ಕಟೆ ಅಂತಲೂ ಅರ್ಥ, ಸ್ವತಂತ್ರ ಅಂತಲೂ ಅರ್ಥ. ಅದನ್ನು ಬಿಡಿಸಿ ಹೇಳುವುದರಲ್ಲೇ ಸ್ವತಂತ್ರ ತಂತ್ರಾಂಶ ಚಳವಳಿಯವರ ಅರ್ಧ ಆಯುಸ್ಸು ಕಳೆದಿದೆ. ಕನ್ನಡದಲ್ಲಿ ಆ ತಲೆನೋವೇ ಇಲ್ಲ, ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ನನಗೆ ಬೇಕಾಗಿದ್ದದ್ದು ಎರಡನೆಯದು.

ಮೊದಲು ಟಿಪ್ಪಣಿ ಹೊರಗೆ ತೆಗೆಯಬೇಕಿತ್ತು. ಫೋಲ್ಡರ್‌ಗಳನ್ನೆಲ್ಲ ಜಾಲಾಡಿದಾಗ ಒಂದೇ ಒಂದು ದೊಡ್ಡ ಫೈಲ್ ಸಿಕ್ಕಿತು, ಅದರ ಬಾಲಕ್ಕೆ ಆ ಕಂಪನಿಯವರೇ ಇಟ್ಟ ಯಾವುದೋ ವಿಚಿತ್ರ ಎಕ್ಸ್‌ಟೆನ್ಶನ್. ಸುಮ್ನೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದೆ. ಪೂರ್ತಿ ಕಸ. ಆದರೆ ಆ ಕಸದ ಮೊಟ್ಟಮೊದಲಲ್ಲೇ ಓದುವುದಕ್ಕೆ ಬರುವ ಒಂದು ಚೂರು ಇತ್ತು: ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3. ಒಬ್ಬನೇ ಕೂತು ಜೋರಾಗಿ ನಕ್ಕೆ. ಹೊರಗೆ ಇಷ್ಟು ದೊಡ್ಡ ಬೀಗ, ಒಳಗಿರುವುದು ಎಸ್‌ಕ್ಯೂಲೈಟ್, ಯಾರು ಬೇಕಾದರೂ ಬಳಸಲಿ ಅಂತ ಬರೆದವರೇ ಹಕ್ಕು ಬಿಟ್ಟುಕೊಟ್ಟ ಡೇಟಾಬೇಸ್!

ಫೈಲಿನ ಕಾಪಿ ಮಾಡಿಕೊಂಡೆ (ಮೂಲ ಫೈಲನ್ನು ಮುಟ್ಟಬೇಡಿ, ದಯವಿಟ್ಟು). ಡಿಬಿ ಬ್ರೌಸರ್ ಅನ್ನುವ ಸ್ವತಂತ್ರ ಪ್ರೋಗ್ರಾಂನಲ್ಲಿ ತೆರೆದರೆ ಒಂದೊಂದು ಸಾಲಿಗೆ ಒಂದೊಂದು ಟಿಪ್ಪಣಿ, ಅಚ್ಚುಕಟ್ಟಾಗಿ ಕೂತಿತ್ತು. ಪೈಥಾನ್ ಭಾಷೆಯಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ ಬರೆದು ಪ್ರತಿ ಟಿಪ್ಪಣಿಗೂ ಒಂದು ಟೆಕ್ಸ್ಟ್ ಫೈಲ್ ಮಾಡಿಸಿದೆ. ದಿನಾಂಕ ಮಾತ್ರ ಎಲ್ಲಾ ತಪ್ಪು. ನಾನು ಹುಟ್ಟುವ ಮೊದಲೇ ಅಪ್ಪನ ಬಿಪಿ ಮಾತ್ರೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಸಾಮಾನ್ಯವಾಗಿ ಕಂಪ್ಯೂಟರ್ 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ, ಈ ಪ್ರೋಗ್ರಾಂ 2001ರ ಜನವರಿ 1ರಿಂದ ಎಣಿಸುತ್ತಿತ್ತು. ಪ್ರತಿ ದಿನಾಂಕಕ್ಕೂ 97,83,07,200 ಸೆಕೆಂಡು ಕೂಡಿಸಿದೆ, ಸರಿಹೋಯಿತು. ಚಿತ್ರಗಳನ್ನು ಹೊರತೆಗೆಯಲು ಇನ್ನೊಂದು ವಾರ ಹಿಡಿಯಿತು, ಅದನ್ನು ಇಲ್ಲಿ ಕೊರೆಯುವುದಿಲ್ಲ.

ಆಮೇಲೆ ಈ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಕಥೆ ಓದಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾಬಿನ ಹಳೆಯ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಹೋಗುವ ಹಾಗೆ ಪ್ರೋಗ್ರಾಂ ತಿದ್ದಿಕೊಂಡಿದ್ದರು. ಹೊಸ ಪ್ರಿಂಟರ್ ಬಂತು, ಅದರ ಸೋರ್ಸ್ ಕೋಡ್ (ಪ್ರೋಗ್ರಾಂ ತಿದ್ದಲು ಬೇಕಾದ ಮೂಲ ಬರಹ) ಕೇಳಿದರೆ ಕೊಡಲಿಲ್ಲ. 1983ರಲ್ಲಿ ಅವರು ಪೂರ್ತಿ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಆ ಸಿಟ್ಟೂ ಇತ್ತು. ಓಹೋ, ನಾನೊಬ್ಬನೇ ಅಲ್ಲ ಅನ್ನಿಸಿತು.

ಆದರೂ ನಾನು ತಕ್ಷಣ ಲಿನಕ್ಸ್ ಅನ್ನುವ ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಹಾಕಲಿಲ್ಲ. ನಾನು ಮಾಡಿದ್ದರಲ್ಲಿ ಸರಿಯಾದದ್ದು ಇದೊಂದೇ ಅಂತ ಈಗ ಅನ್ನಿಸುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಮ್ ಹಾಗೇ ಇಟ್ಟು ಪ್ರೋಗ್ರಾಂಗಳನ್ನು ಮಾತ್ರ ಒಂದೊಂದಾಗಿ ಬದಲಿಸಿದೆ. ಬ್ರೌಸರ್‌ಗೆ ಫೈರ್‌ಫಾಕ್ಸ್, ಪತ್ರ-ಲೆಕ್ಕಕ್ಕೆ ಲಿಬ್ರೆಆಫೀಸ್, ವಿಡಿಯೋಗೆ ವಿಎಲ್‌ಸಿ, ಫೋಟೋಗೆ ಗಿಂಪ್. ಗಿಂಪ್ ಕೈಗೆ ಹತ್ತಲು ಮೂರು ತಿಂಗಳು ಬೇಕಾಯಿತು, ಬೈದುಕೊಂಡೇ ಕಲಿತೆ. ಆರು ತಿಂಗಳಾದ ಮೇಲೆ ನೋಡಿದರೆ ಹಳೆಯ ಸಿಸ್ಟಮ್‌ನದು ಅಂತ ನಾನು ಬಳಸುತ್ತಿದ್ದದ್ದು ಏನೂ ಉಳಿದಿರಲಿಲ್ಲ. ಆಗ ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್ ಹಾಕಿದೆ, ಅದೇ ಪ್ರೋಗ್ರಾಂಗಳು ಅಲ್ಲೂ ಇದ್ದವು. ಎರಡನೇ ದಿನಕ್ಕೇ ಮಾಮೂಲಿನಂತೆ ಕೆಲಸ.

ಗೆಳೆಯನೊಬ್ಬನಿಗೆ ಮಾತ್ರ ಇದರ ಉಲ್ಟಾ ಮಾಡಿದೆ. ಒಂದೇ ಭಾನುವಾರದಲ್ಲಿ ಅವನ ಕಂಪ್ಯೂಟರ್ ಅಳಿಸಿ ಲಿನಕ್ಸ್ ಹಾಕಿಕೊಟ್ಟೆ. ಜೊತೆಗೆ ನಾಲ್ಕು ಸ್ವಾತಂತ್ರ್ಯಗಳ ಪಾಠ ಬೇರೆ: ಬೇಕಾದ ಹಾಗೆ ಬಳಸು, ಒಳಗೆ ನೋಡಿ ತಿದ್ದು, ಪ್ರತಿ ಹಂಚು, ತಿದ್ದಿದ್ದನ್ನೂ ಹಂಚು. ಪಾಪ, ತಲೆ ಆಡಿಸಿದ. ಸೋಮವಾರ ಅವನ ಆಫೀಸಿನ ಎಕ್ಸೆಲ್ ಮ್ಯಾಕ್ರೋ (ಫೈಲಿನೊಳಗೇ ಇರುವ ಚಿಕ್ಕ ಪ್ರೋಗ್ರಾಂ) ಲಿಬ್ರೆಆಫೀಸ್‌ನಲ್ಲಿ ಓಡಲಿಲ್ಲ. ಶುಕ್ರವಾರದ ಹೊತ್ತಿಗೆ ಹಳೆಯದಕ್ಕೇ ವಾಪಸ್. ತಪ್ಪು ಅವನದಲ್ಲ. ಈಗ ನಾನು ಯಾರಿಗೂ ಪಾಠ ಮಾಡುವುದಿಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ: ನಾಳೆ ಈ ಪ್ರೋಗ್ರಾಂ ಇಲ್ಲ ಅಂದರೆ ನಿನ್ನ ಫೈಲ್ ತೆರೆಯುತ್ತಾ? ಕೆಲವರು ಆಗಲೇ ಹೋಗಿ ನೋಡುತ್ತಾರೆ. ನನ್ನ ತಂಗಿ ನೋಡಿದಳು, ಅವಳ ಹಾಡಿನ ನೋಟೇಶನ್ ಎಲ್ಲಾ ಈಗ ಮ್ಯೂಸ್‌ಸ್ಕೋರ್ ಅನ್ನುವ ಸ್ವತಂತ್ರ ಪ್ರೋಗ್ರಾಂನಲ್ಲಿದೆ.

ನಾನೇನು ಪೂರ್ತಿ ಸ್ವಚ್ಛ ಅಂದುಕೊಳ್ಳಬೇಡಿ. ಲ್ಯಾಪ್‌ಟಾಪ್‌ನ ವೈಫೈ ಚಿಪ್‌ಗೆ ತಯಾರಕರ ಮುಚ್ಚಿದ ಫರ್ಮ್‌ವೇರ್ ಬೇಕು, ಅಂದರೆ ಚಿಪ್ಪನ್ನು ಓಡಿಸುವ, ಒಳಗೆ ನೋಡಲು ಬಿಡದ ಪ್ರೋಗ್ರಾಂ. ಡೆಬಿಯನ್‌ನವರೇ 2022ರಲ್ಲಿ ಮತ ಹಾಕಿ, ಮುಚ್ಚಿದ ಫರ್ಮ್‌ವೇರ್ ಇನ್‌ಸ್ಟಾಲರ್ ಒಳಗೇ ಇರಲಿ ಅಂತ ಒಪ್ಪಿಕೊಂಡರು. ಕೆಲವರಿಗೆ ಅದು ಸೋಲು. ನನಗೆ ಹಾಗನ್ನಿಸಲಿಲ್ಲ, ವೈಫೈ ಇಲ್ಲದ ಕಂಪ್ಯೂಟರ್ ಮುಂದೆ ಹೊಸಬರು ಹತ್ತು ನಿಮಿಷ ಕೂರುವುದಿಲ್ಲ, ಅಲ್ವಾ? ಆದರೂ ಮನಸ್ಸು ಕೇಳದೆ ಸ್ವತಂತ್ರ ಫರ್ಮ್‌ವೇರ್ ಇರುವ ಅಥೆರೋಸ್ ಎಆರ್9271 ಚಿಪ್‌ನ ಯುಎಸ್‌ಬಿ ಡಾಂಗಲ್ ತಂದುಕೊಂಡೆ. ಓಡುತ್ತದೆ, ನಿಧಾನ. ವಿಡಿಯೋ ಕರೆ ಇರುವ ದಿನ ಅದನ್ನು ಕಿತ್ತು ಡ್ರಾಯರಿಗೆ ಹಾಕಿ, ಹಳೆಯ ಚಿಪ್ಪನ್ನೇ ಆನ್ ಮಾಡುತ್ತೇನೆ.