ಕ್ರೂಸರ್‌ವೇಟ್ ಬಾಕ್ಸರ್ ಆಗುವವರಿಗೆ: ತೂಕ, ಎದುರಾಳಿ, ಕರಾರು

ವೃತ್ತಿಪರ ಬಾಕ್ಸಿಂಗ್‌ನಲ್ಲಿ 175 ಪೌಂಡ್ ದಾಟಿ 200 ಪೌಂಡಿನೊಳಗೆ ಇರುವವರದು ಕ್ರೂಸರ್‌ವೇಟ್. ಕಿಲೋ ಲೆಕ್ಕದಲ್ಲಿ 79.4ರಿಂದ 90.7. 1979ರ ಡಿಸೆಂಬರ್‌ನಲ್ಲಿ ವಿಶ್ವ ಪ್ರಶಸ್ತಿ ಕೊಡುವ ಇಂದಿನ ನಾಲ್ಕು ಪ್ರಮುಖ ಸಂಸ್ಥೆಗಳಲ್ಲಿ (ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ) ಒಂದಾದ ಡಬ್ಲ್ಯುಬಿಸಿ ಈ ವಿಭಾಗದ ಮೊದಲ ವಿಶ್ವ ಪ್ರಶಸ್ತಿ ಪಂದ್ಯ ನಡೆಸಿದಾಗ ಮಿತಿ 190 ಪೌಂಡ್ ಇತ್ತು, 200ಕ್ಕೆ ಏರಿದ್ದು ಆಮೇಲೆ. ಮೇಲೆ ಹೆವಿವೇಟ್, ದೊಡ್ಡ ದುಡ್ಡು ಇರುವುದು ಅಲ್ಲಿ. ಹಾಗಾಗಿ ಇಲ್ಲಿ ಬಾಕ್ಸರ್‌ಗಳ ಸಂಖ್ಯೆ ಕಡಿಮೆ, ಪಂದ್ಯಗಳೂ ಕಡಿಮೆ, ಸಿಕ್ಕಿದ್ದನ್ನು ಒಪ್ಪಿಕೊಳ್ಳುವ ಒತ್ತಡ ಮಾತ್ರ ಜಾಸ್ತಿ. ಒಳ್ಳೆಯ ಕೈ ಇದ್ದವರೂ ಇಲ್ಲಿ ಹಾಳಾಗುವುದು ಹೆಚ್ಚಾಗಿ ರಿಂಗಿನ ಹೊರಗೆ 'ಆಯ್ತು' ಅಂದದ್ದರಿಂದ: ಇಳಿಸಲಾಗದ ತೂಕಕ್ಕೆ, ಹೊಂದದ ಎದುರಾಳಿಗೆ, ಓದದ ಕರಾರಿಗೆ.

ಮೊದಲು ತಕ್ಕಡಿ

ಪಂದ್ಯವಿಲ್ಲದ ದಿನಗಳಲ್ಲಿ ನಿಮ್ಮ ತೂಕ 95ರಿಂದ 98 ಕಿಲೋ ನಡುವೆ ನಿಲ್ಲುತ್ತಿದ್ದರೆ ಈ ವಿಭಾಗ ನಿಮ್ಮದು. ಬೊಜ್ಜಿಲ್ಲದೆ 103 ಇದ್ದರೆ ಬಲವಂತ ಬೇಡ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಅದೇ ತಕ್ಕಡಿಯ ಮೇಲೆ ದಿನವೂ ನಿಲ್ಲಿ, ಬರೆದಿಡಿ. ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ, ವಾರದ ಸರಾಸರಿ ನೋಡಿ.

ಪಂದ್ಯಕ್ಕೆ ಎಂಟು ವಾರ ಇರುವಾಗ 97 ಕಿಲೋ ಇದ್ದೀರಿ ಎನ್ನೋಣ. ವಾರಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಕೊಬ್ಬು ಕರಗಿಸಿದರೆ ಕೊನೆಯ ವಾರಕ್ಕೆ 93ರ ಆಸುಪಾಸು ಬರುತ್ತೀರಿ. ಉಳಿದ ಎರಡು, ಎರಡೂವರೆ ಕಿಲೋ ನೀರು ಮತ್ತು ಹೊಟ್ಟೆಯಲ್ಲಿರುವ ಆಹಾರದ ತೂಕ. ಕೊನೆಯ ಎರಡು ಮೂರು ದಿನ ನಾರಿನಂಶ ಕಡಿಮೆ ಮಾಡಿದರೆ ಕರುಳು ಹಗುರಾಗುತ್ತದೆ. ಪಿಷ್ಟ ತಗ್ಗಿಸಿದರೆ ಸ್ನಾಯುವಿನ ಗ್ಲೈಕೊಜೆನ್ ಕರಗುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇದಿಷ್ಟರಲ್ಲೇ ಕೆಲಸ ಆಗಬೇಕು. ಕೊನೆಯ ರಾತ್ರಿ ಸೌನಾದಲ್ಲಿ ನಾಲ್ಕೈದು ಕಿಲೋ ಬೆವರಿಸುವ ಸ್ಥಿತಿ ಬಂತೆಂದರೆ ತಪ್ಪಿದ್ದು ಎಂಟು ವಾರ ಮುಂಚೆ. ಮೂತ್ರ ಹೆಚ್ಚಿಸುವ ಮಾತ್ರೆ ಮುಟ್ಟಲೇಬೇಡಿ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಅದಕ್ಕಿಂತ ಮುಖ್ಯ ಕಾರಣ ಬೇರೆ: ನಿರ್ಜಲಗೊಂಡ ದೇಹದಲ್ಲಿ ತಲೆಗೆ ಬೀಳುವ ಪೆಟ್ಟು ಹೆಚ್ಚು ಅಪಾಯಕಾರಿ ಎಂದು ಕ್ರೀಡಾ ವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

ತೂಕ ನೋಡುವುದು ಸಾಮಾನ್ಯವಾಗಿ ಹಿಂದಿನ ದಿನ. ಇಳಿದ ಕೂಡಲೇ ಲೀಟರ್‌ಗಟ್ಟಲೆ ನೀರು ಸುರಿದುಕೊಂಡರೆ ಅದು ಮೂತ್ರವಾಗಿ ಹೋಗುತ್ತದೆ. ಕಳೆದುಕೊಂಡ ಪ್ರತಿ ಕಿಲೋಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ, ಉಪ್ಪು ಮತ್ತು ಸಕ್ಕರೆ ಬೆರೆತ ನೀರನ್ನು ಗುಟುಕು ಗುಟುಕಾಗಿ ಹಲವು ತಾಸು ಕುಡಿಯಿರಿ. ಐಬಿಎಫ್ ಪ್ರಶಸ್ತಿ ಪಂದ್ಯವಾದರೆ ಮರುದಿನ ಬೆಳಿಗ್ಗೆ ಮತ್ತೆ ತಕ್ಕಡಿ ಇದೆ, ಮಿತಿಗಿಂತ 10 ಪೌಂಡಿಗಿಂತ ಹೆಚ್ಚು ಏರಿರಬಾರದು.

ಎದುರಾಳಿಯ ಆಯ್ಕೆ

ಆರಂಭ ನಾಲ್ಕು ಸುತ್ತಿನ ಪಂದ್ಯಗಳಿಂದ. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಅಲ್ಲಿಂದ ಆರು, ಎಂಟು, ಹತ್ತು; ಪ್ರಶಸ್ತಿ ಪಂದ್ಯಕ್ಕೆ ಹನ್ನೆರಡು. ಮೊದಲ ಹತ್ತು ಪಂದ್ಯಗಳಲ್ಲಿ ಎಷ್ಟು ಮಂದಿಯನ್ನು ಬೀಳಿಸಿದಿರಿ ಅನ್ನುವುದಕ್ಕಿಂತ ಎಷ್ಟು ಬಗೆಯವರನ್ನು ಕಂಡಿರಿ ಅನ್ನುವುದೇ ಮುಖ್ಯ. ಒಬ್ಬ ಎಡಗೈಯವನು, ಒಬ್ಬ ಉದ್ದ ಕೈಯವನು, ಸುಮ್ಮನೆ ಮೈಮೇಲೆ ನುಗ್ಗುವವನು ಒಬ್ಬ, ಎಷ್ಟು ಹೊಡೆದರೂ ಬೀಳದೆ ಕೊನೆಯ ಗಂಟೆಯವರೆಗೆ ನಿಲ್ಲುವವನು ಒಬ್ಬ. ಈ ಕೊನೆಯವನೇ ಒಳ್ಳೆಯ ಮೇಷ್ಟ್ರು. ಎಲ್ಲರನ್ನೂ ಎರಡನೇ ಸುತ್ತಿನಲ್ಲೇ ಮಲಗಿಸಿದವನಿಗೆ ಏಳನೇ ಸುತ್ತಿನಲ್ಲಿ ತನ್ನ ಕಾಲು ಹೇಗಿರುತ್ತದೆ ಎಂದೇ ಗೊತ್ತಿರುವುದಿಲ್ಲ. 90 ಕಿಲೋ ಮೈಯವನು ಕ್ಲಿಂಚ್‌ನಲ್ಲಿ, ಅಂದರೆ ತಬ್ಬಿ ಹಿಡಿದು, ಜೋತುಬಿದ್ದರೆ ಮೊದಲು ಸೋಲುವುದು ತೊಡೆ, ಆಮೇಲೆ ಕೈ.

ಒಲೆಕ್ಸಾಂಡರ್ ಉಸಿಕ್ 2016ರಲ್ಲಿ ತನ್ನ ಹತ್ತನೇ ಪಂದ್ಯದಲ್ಲೇ ಡಬ್ಲ್ಯುಬಿಒ ಬೆಲ್ಟ್ (ಚಾಂಪಿಯನ್ ಪಟ್ಟ) ಗೆದ್ದ. ಇವಾಂಡರ್ ಹೋಲಿಫೀಲ್ಡ್ 1986ರಲ್ಲಿ ಹನ್ನೆರಡನೆಯದರಲ್ಲಿ, 15 ಸುತ್ತು ಹೋರಾಡಿ, ಡಬ್ಲ್ಯುಬಿಎ ಬೆಲ್ಟ್ ಪಡೆದ. ಇದನ್ನು ತೋರಿಸಿ ನಿಮ್ಮನ್ನು ಅವಸರಪಡಿಸುವವರು ಸಿಗುತ್ತಾರೆ. ಉಸಿಕ್ 2012ರ ಲಂಡನ್ ಒಲಿಂಪಿಕ್ಸ್‌ನ ಚಿನ್ನದೊಂದಿಗೆ, ಹೋಲಿಫೀಲ್ಡ್ 1984ರ ಕಂಚಿನೊಂದಿಗೆ ಬಂದವರು ಎಂದು ಅವರಿಗೆ ನೆನಪಿಸಿ. ಅಂಥ ಅಮೆಚೂರ್ ಬುನಾದಿ ಇಲ್ಲದವರು ಹತ್ತು ಸುತ್ತಿನ ಪಂದ್ಯಕ್ಕೆ ಹನ್ನೆರಡು ಹದಿನೈದು ಪಂದ್ಯ ಕಾಯುವುದರಲ್ಲಿ ನಷ್ಟವಿಲ್ಲ.

ಬಾಕ್ಸರ್‌ಗಳು ಕಡಿಮೆ ಇರುವ ವಿಭಾಗವಾದ್ದರಿಂದ 'ಹತ್ತು ದಿನದಲ್ಲಿ ಪಂದ್ಯ, ಬರ್ತೀರಾ?' ಎಂಬ ಫೋನ್ ಆಗಾಗ ಬರುತ್ತದೆ. ಉತ್ತರ ನಿಮ್ಮ ತೂಕದ ಪುಸ್ತಕದಲ್ಲಿದೆ. ಈಗಿನ ತೂಕ 94ರೊಳಗಿದ್ದು, ಕಳೆದ ಎರಡು ವಾರದಲ್ಲಿ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಗುದ್ದಾಟ) ಮಾಡಿದ್ದರೆ ಮಾತ್ರ ಎದುರಾಳಿಯ ಹಳೆಯ ಪಂದ್ಯಗಳನ್ನು ಹಾಕಿ ನೋಡಿ. ಇಲ್ಲದಿದ್ದರೆ ಫೋನ್ ಇಟ್ಟುಬಿಡಿ.

ಸ್ಪಾರಿಂಗ್

16 ಔನ್ಸ್ ಗ್ಲೌಸ್, ತಲೆಗವಚ, ದಂತವೈದ್ಯರು ಅಚ್ಚು ತೆಗೆದು ಮಾಡಿದ ಮೌತ್‌ಗಾರ್ಡ್. ಪಂದ್ಯದ ಗ್ಲೌಸ್ 10 ಔನ್ಸ್, ಆದ್ದರಿಂದ ಕೊನೆಯ ವಾರಗಳಲ್ಲಿ ಪ್ಯಾಡ್ ಹೊಡೆಯುವಾಗ ಅದನ್ನೇ ಹಾಕಿ ಅಂತರ ಅಳೆದುಕೊಳ್ಳಿ. ಬ್ಲಾಕ್ ಮಾಡುವಾಗ ಗ್ಲೌಸ್ ಚಿಕ್ಕದಾದಂತೆ ಭಾಸವಾಗುತ್ತದೆ. ಗಟ್ಟಿ ಸ್ಪಾರಿಂಗ್ ಪಂದ್ಯಕ್ಕೆ ಹತ್ತು ಹನ್ನೆರಡು ದಿನ ಇರುವಾಗ ನಿಲ್ಲಬೇಕು.

ಹೆವಿವೇಟ್ ಶಿಬಿರಗಳು ಚುರುಕಾದ ಕ್ರೂಸರ್‌ವೇಟ್‌ಗಳನ್ನು ಬಾಡಿಗೆಗೆ ಕರೆಯುತ್ತವೆ. ದುಡ್ಡೂ ಬರುತ್ತದೆ, ಕಲಿಯುವುದೂ ಇದೆ. ಆದರೆ ನಿಮಗಿಂತ 15–20 ಕಿಲೋ ಹೆಚ್ಚಿರುವವರ ಜೊತೆ ವಾರಕ್ಕೆ ಮೂರು ದಿನ ಗುದ್ದಾಡಿದರೆ ಆ ಪೆಟ್ಟುಗಳು ಯಾವ ದಾಖಲೆಯಲ್ಲೂ ಬರುವುದಿಲ್ಲ, ತಲೆಯಲ್ಲಿ ಮಾತ್ರ ಉಳಿಯುತ್ತವೆ. ಎಷ್ಟು ಸುತ್ತು, ಎಷ್ಟು ದಿನ ಎಂದು ನಿಮ್ಮ ಕೋಚ್ ಮೊದಲೇ ಮಾತಾಡಿರಬೇಕು.

ಕೈ ಕಟ್ಟುವುದು

ಕ್ರೂಸರ್‌ವೇಟ್‌ನಲ್ಲಿ ಗುದ್ದಿಗೆ ತೂಕವಿದೆ, ಅದನ್ನು ತಾಳಬೇಕಾದ ಮೂಳೆ ಮಾತ್ರ ಎಲ್ಲರದಷ್ಟೇ ಸಣ್ಣದು. ಪಂದ್ಯದ ದಿನ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮತ್ತು ಟೇಪ್‌ನಿಂದ ಕಟ್ಟುತ್ತಾರೆ, ಎಷ್ಟು ಉದ್ದ ಎನ್ನುವುದನ್ನು ಪಂದ್ಯಕ್ಕೆ ಅನುಮತಿ ಕೊಡುವ ಆಯಾ ಬಾಕ್ಸಿಂಗ್ ಆಯೋಗದ ನಿಯಮ ಹೇಳುತ್ತದೆ. ಕುರ್ಚಿಯನ್ನು ತಿರುಗಿಸಿ ಅದರ ಬೆನ್ನಿನ ಮೇಲೆ ಮುಂಗೈ ಊರಿ, ಬೆರಳು ಅಗಲಿಸಿ ಹಿಡಿಯಿರಿ. ಮಣಿಕಟ್ಟಿಗೆ ಮೂರು ಸುತ್ತು ಹಾಕಿ, ಹೆಬ್ಬೆರಳಿನ ಬುಡ ಬಳಸಿ, ಅಂಗೈ ಹಿಂಭಾಗಕ್ಕೆ ಅಡ್ಡಡ್ಡವಾಗಿ ಗುಣಾಕಾರದ ಗುರುತಿನಂತೆ ಎಳೆಯಬೇಕು. ಗೆಣ್ಣುಗಳ ಮೇಲೆ ಗಾಜ್ ಬಟ್ಟೆಯನ್ನು ಮಡಚಿ ಮೆತ್ತೆ ಮಾಡಿ, ಅದು ಜಾರದಂತೆ ಮೇಲೊಂದೆರಡು ಸುತ್ತು. ಪ್ರತಿ ಹಂತದಲ್ಲೂ ಮುಷ್ಟಿ ಬಿಗಿದು ನೋಡಿ. ಬೆರಳು ಜೋಡಿಸಿಕೊಂಡು ಕಟ್ಟಿಸಿಕೊಂಡವರಿಗೆ ಮುಷ್ಟಿ ಬಿಗಿದಾಗ ಬಟ್ಟೆ ಕಚ್ಚಿ, ಮೂರನೇ ಸುತ್ತಿಗೆಲ್ಲ ಬೆರಳು ಜೋಮು ಹಿಡಿಯುತ್ತದೆ. ಸಡಿಲ ಬಿಟ್ಟರೆ ಹುಕ್ ಎದುರಾಳಿಯ ನೆತ್ತಿಗೆ ತಗಲಿದಾಗ ಕಿರುಬೆರಳಿನ ಕಡೆಯ ಅಂಗೈ ಮೂಳೆ ಮುರಿಯುತ್ತದೆ. ಎದುರಾಳಿಯ ಕಡೆಯವರೊಬ್ಬರು ನಿಂತು ನೋಡುತ್ತಾರೆ, ಇನ್‌ಸ್ಪೆಕ್ಟರ್ ಟೇಪ್ ಮೇಲೆ ಸಹಿ ಹಾಕುತ್ತಾರೆ. ಸಹಿ ಬಿದ್ದ ಮೇಲೆ ಬಿಚ್ಚಿ ಕಟ್ಟುವ ಹಾಗಿಲ್ಲ, ಹಾಗಾಗಿ ಬಿಗಿ ಅನಿಸಿದರೆ ಆಗಲೇ ಬಾಯಿಬಿಡಿ.

ಕರಾರು

ಮ್ಯಾನೇಜರ್ ಮತ್ತು ಪ್ರೊಮೋಟರ್ ಬೇರೆ ಬೇರೆ ಜನ ಆಗಿರಬೇಕು. ಒಬ್ಬರು ನಿಮಗೆ ಹೆಚ್ಚು ಕೊಡಿಸಬೇಕಾದವರು, ಇನ್ನೊಬ್ಬರು ಕೊಡಬೇಕಾದವರು. ಇಬ್ಬರೂ ಒಂದೇ ಕಿಸೆಯಾದರೆ ನಿಮ್ಮ ಪರ ಯಾರೂ ಇಲ್ಲ. ಅಮೆರಿಕದಲ್ಲಿ 2000ದ ಮುಹಮ್ಮದ್ ಅಲಿ ಕಾಯ್ದೆ ಇದಕ್ಕೆಂದೇ ಗೆರೆ ಎಳೆದಿದೆ. ಮ್ಯಾನೇಜರ್ ಪಾಲು ಮೂರನೇ ಒಂದು ಭಾಗ ಮೀರಬಾರದೆಂದು ಅಲ್ಲಿನ ಹಲವು ರಾಜ್ಯಗಳ ನಿಯಮವಿದೆ. ಕೋಚ್‌ಗೆ ಹತ್ತು ಶೇಕಡಾ ರೂಢಿ. ಪಾಲನ್ನು ಪೂರ್ತಿ ಪರ್ಸ್ (ಪಂದ್ಯದ ಸಂಭಾವನೆ) ಮೇಲೆ ಹಿಡಿಯುತ್ತಾರೋ, ವೈದ್ಯಕೀಯ ಪರೀಕ್ಷೆ, ಪ್ರಯಾಣ, ಸ್ಪಾರಿಂಗ್ ಜೊತೆಗಾರರ ಖರ್ಚು ಕಳೆದ ಮೇಲೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ.

ಪ್ರೊಮೋಟರ್ ಕರಾರಿನಲ್ಲಿ ಹುಡುಕಬೇಕಾದ ಸಾಲುಗಳು: ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯ, ಕೊಡದಿದ್ದರೆ ಏನು ಪರಿಹಾರ, ಗಾಯವಾದರೆ ಅವಧಿ ತಾನಾಗಿ ಎಷ್ಟು ಉದ್ದವಾಗುತ್ತದೆ, ಬೆಲ್ಟ್ ಗೆದ್ದರೆ ಕರಾರು ಇನ್ನೆಷ್ಟು ವರ್ಷ ಅಂಟಿಕೊಳ್ಳುತ್ತದೆ. ಕ್ರೂಸರ್‌ವೇಟ್‌ಗೆ ಒಂದು ಸಾಲು ಹೆಚ್ಚುವರಿ: ಹೆವಿವೇಟ್‌ಗೆ ಏರಿದರೆ ಪರ್ಸ್ ಹೊಸದಾಗಿ ಮಾತಾಡಬೇಕೋ, ಹಳೆಯ ದರವೇ ಮುಂದುವರಿಯುತ್ತದೋ?

ಮೇಲಕ್ಕೆ ಹೋಗುವುದು

ಹೋಲಿಫೀಲ್ಡ್ 1988ರಲ್ಲಿ ಕ್ರೂಸರ್‌ವೇಟ್ ಬೆಲ್ಟ್‌ಗಳನ್ನು ಒಂದುಗೂಡಿಸಿ, 1990ರಲ್ಲಿ ಹೆವಿವೇಟ್ ಚಾಂಪಿಯನ್ ಆದ. ಉಸಿಕ್ 2018ರಲ್ಲಿ ನಾಲ್ಕೂ ಬೆಲ್ಟ್ ಗೆದ್ದು, 2019ರಲ್ಲಿ ಸುಮಾರು 97 ಕಿಲೋಗೆ ಹೆವಿವೇಟ್ ಆಡಿ, 2021ರಲ್ಲಿ ಆಂಟನಿ ಜೋಶುವಾ ಎದುರು ಇಳಿದಾಗ ಸುಮಾರು 100 ಇದ್ದ. ಎರಡು ವರ್ಷಕ್ಕೆ ಮೂರು ಕಿಲೋ. ಆರು ತಿಂಗಳಲ್ಲಿ ಹತ್ತು ಕಿಲೋ ಏರಿಸಿದವರು ತಮ್ಮಲ್ಲಿದ್ದ ಒಂದೇ ಆಸ್ತಿಯನ್ನು, ಅಂದರೆ ಕಾಲಿನ ವೇಗವನ್ನು ಕಳೆದುಕೊಂಡು ಚಿಕ್ಕ ಹೆವಿವೇಟ್ ಆಗಿ ಉಳಿಯುತ್ತಾರೆ. ನಡುವಿನ ಮೆಟ್ಟಿಲು ಬೇಕಿದ್ದವರಿಗೆ ಡಬ್ಲ್ಯುಬಿಸಿ 2020ರಲ್ಲಿ 224 ಪೌಂಡ್ ಮಿತಿಯ ಬ್ರಿಜರ್‌ವೇಟ್ ತೆರೆದಿದೆ.

ಫೈಲು

ಮೊದಲ ಪಂದ್ಯಕ್ಕೂ ಮುಂಚೆ ಒಂದು ಫೈಲು ಮಾಡಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಇಸಿಜಿ, ಕಣ್ಣಿನ ಪಾಪೆ ಹಿಗ್ಗಿಸಿ ಮಾಡಿದ ಪರೀಕ್ಷೆ, ಮೆದುಳಿನ ಎಂಆರ್‌ಐ ವರದಿ, ಎಲ್ಲದರ ಪ್ರತಿ. ಲೈಸೆನ್ಸಿಗೆ ಇವನ್ನು ಮತ್ತೆ ಮತ್ತೆ ಕೇಳುತ್ತಾರೆ. ಜೊತೆಗೆ ನೆನಪು, ಗಮನ, ಪ್ರತಿಕ್ರಿಯೆಯ ವೇಗ ಅಳೆಯುವ ಪರೀಕ್ಷೆಯನ್ನೂ ನರರೋಗ ತಜ್ಞರ ಬಳಿ, ಒಂದೂ ಪೆಟ್ಟು ಬೀಳದ ಕಾಲದಲ್ಲೇ ಮಾಡಿಸಿ, ವರ್ಷಕ್ಕೊಮ್ಮೆ ಪುನರಾವರ್ತಿಸಿ. ನಾಕೌಟ್ ಆದರೆ ಆಯೋಗ 60 ಅಥವಾ 90 ದಿನ ತಡೆ ಹಾಕುತ್ತದೆ. ಅದು ಪಂದ್ಯಕ್ಕಷ್ಟೇ ಎಂದುಕೊಂಡು ಜಿಮ್‌ನಲ್ಲಿ ಸ್ಪಾರಿಂಗ್ ಮುಂದುವರಿಸುವವರಿದ್ದಾರೆ, ಹಾಗೆ ಮಾಡಬೇಡಿ. ತಡೆ ಮುಗಿದ ದಿನ ಜಿಮ್‌ಗೆ ಹೋಗುವ ಮೊದಲು ಅದೇ ಪರೀಕ್ಷೆಯನ್ನು ಅದೇ ನರರೋಗ ತಜ್ಞರ ಮುಂದೆ ಮಾಡಿ. ಮೊದಲ ವರ್ಷದ ಆ ಹಾಳೆ ಫೈಲಿನಲ್ಲಿ ಇಲ್ಲದಿದ್ದರೆ ಅವರಿಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.