ನಾಲ್ಕೇ ಕೋಣೆಯ ಡಿಸ್ಕಿನಲ್ಲಿ ಐದನೆಯವನಿಗೆ ಜಾಗ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನಮ್ಮ ಮನೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಲ್ಲಿಂದ ಬರಬೇಕು? ಇರುವುದು 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಹಾಗಂತ ವಿಂಡೋಸನ್ನು ಕಿತ್ತುಹಾಕುವಂತೆಯೂ ಇರಲಿಲ್ಲ. ಹಳೆಯ ಸ್ಕ್ಯಾನರಿಗೆ ಡ್ರೈವರ್ ಇರುವುದು ಅದರಲ್ಲಿ ಮಾತ್ರ, ಅಪ್ಪನ ಲೆಕ್ಕದ ಸಾಫ್ಟ್‌ವೇರ್ ಓಡುವುದೂ ಅದರಲ್ಲೇ. ಅದನ್ನು ಇಂಟರ್‌ನೆಟ್ ಇಲ್ಲದೆ ಉಳಿಸಿಕೊಂಡು, ಮಿಕ್ಕ ಕೆಲಸಕ್ಕೆ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರ ಆವೃತ್ತಿ ಹಾಕೋಣ ಎಂದುಕೊಂಡೆ.

ಅರ್ಧ ದಿನದ ಕೆಲಸ ಎಂದು ಕೂತದ್ದು ಎರಡು ಭಾನುವಾರ ತಿಂದಿತು. ಇನ್‌ಸ್ಟಾಲ್ ಆಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಉಳಿದ ಹೊತ್ತೆಲ್ಲ ಹೋದದ್ದು ಡಿಸ್ಕಿನಲ್ಲಿ ಜಾಗ ಬಿಡಿಸುವುದಕ್ಕೆ.

ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ವೈಫೈ, ಸೌಂಡು, ಪರದೆ ಸರಿಯಿವೆಯೇ ನೋಡಿಕೊಂಡೆ. ಹಾಗೇ ಡಿಸ್ಕಿನ ಆರೋಗ್ಯವನ್ನೂ ನೋಡಿದೆ. ಸಾಯುವ ಡಿಸ್ಕಿನ ಮೇಲೆ ಈ ಸಾಹಸ ಮಾಡುವುದು ವ್ಯರ್ಥ.

ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಕುಗ್ಗಿಸಲು ಹೋದೆ. 120 ಜಿಬಿ ಖಾಲಿ ಇದ್ದರೂ ಅದು ಬಿಟ್ಟುಕೊಡಲು ಒಪ್ಪಿದ್ದು 9 ಜಿಬಿ! ಮೆಮೊರಿ ಸಾಲದಾಗ ಬಳಸುವ ಪೇಜ್ ಫೈಲು, ನಿದ್ದೆಗೆ ಹೋಗುವಾಗ ಮೆಮೊರಿಯನ್ನು ಬರೆದಿಡುವ ಹೈಬರ್ನೇಷನ್ ಫೈಲುಗಳಂಥವು ಡಿಸ್ಕಿನ ನಡುವೆ ಅಲುಗಾಡದೆ ಕೂತಿರುತ್ತವೆ, ಅವುಗಳನ್ನು ದಾಟಿ ಕುಗ್ಗಿಸಲು ಬರುವುದಿಲ್ಲ. ಎರಡನ್ನೂ ಆಫ್ ಮಾಡಿ, ಸಿಸ್ಟಂ ರಿಸ್ಟೋರನ್ನೂ ನಿಲ್ಲಿಸಿ ರೀಸ್ಟಾರ್ಟ್ ಮಾಡಿದ ಮೇಲೆ 60 ಜಿಬಿ ಸಿಕ್ಕಿತು.

ಗೆದ್ದೆ ಎಂದು ಮಿಂಟಿನ ಇನ್‌ಸ್ಟಾಲರ್ ತೆರೆದರೆ ಆ 60 ಜಿಬಿಯ ಮುಂದೆ ‘ಅನ್‌ಯೂಸಬಲ್’ ಎಂದು ಬರೆದಿತ್ತು.

ಕಾರಣ ತಿಳಿಯಲು ಒಂದು ಸಂಜೆ ಹಿಡಿಯಿತು. ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯದು. ಅದರ ಮೊದಲ ಸೆಕ್ಟರಿನ 512 ಬೈಟಿನಲ್ಲೇ ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಕೋಡೂ ಡಿಸ್ಕಿನ ಭಾಗಗಳ, ಅಂದರೆ ಪಾರ್ಟಿಷನ್ನುಗಳ, ಪಟ್ಟಿಯೂ ಇರಬೇಕು. ಪಟ್ಟಿಯ ಪಾಲಿಗೆ ಬಂದದ್ದು 64 ಬೈಟ್, ಒಂದೊಂದು ಪಾರ್ಟಿಷನ್ನಿಗೆ 16. ಹದಿನಾರ್ನಾಕ್ಲ ಅರವತ್ನಾಲ್ಕು, ಮುಗಿಯಿತು. ನನ್ನ ಡಿಸ್ಕಿನಲ್ಲಿ ಸಿಸ್ಟಂ ರಿಸರ್ವ್ಡ್, ಸಿ, ಡಿ, ರಿಕವರಿ ಎಂದು ನಾಲ್ಕೂ ಭರ್ತಿ. ಜಾಗವಿದೆ, ಹೆಸರು ಬರೆಯಲು ಸಾಲಿಲ್ಲ. ಇದೇ ಖಾಲಿ ಜಾಗದಲ್ಲಿ ವಿಂಡೋಸಿನಿಂದ ಪಾರ್ಟಿಷನ್ ಮಾಡಲು ಹೋದರೆ ಡಿಸ್ಕನ್ನೇ ‘ಡೈನಾಮಿಕ್’ ಮಾಡಲೇ ಎಂದು ಕೇಳುತ್ತದೆ. ದಯವಿಟ್ಟು ಬೇಡ ಅನ್ನಿ. ಹೂಂ ಅಂದರೆ ಲಿನಕ್ಸ್ ಹಾಕುವ ದಾರಿಯೇ ಮುಚ್ಚಿದಂತೆ.

ಎರಡನೇ ಭಾನುವಾರ ಡಿ ಡ್ರೈವಿನಲ್ಲಿದ್ದುದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಹತ್ತಾರು ಫೈಲು ತೆರೆದು ನೋಡಿ ಖಾತ್ರಿಯಾದ ಮೇಲೆಯೇ ಡಿ ಅಳಿಸಿದ್ದು (ಕೈ ನಡುಗಿತು, ಸುಳ್ಳೇಕೆ). ಅದರ ಜಾಗವೂ ಕುಗ್ಗಿಸಿ ಪಡೆದ ಜಾಗವೂ ಅಕ್ಕಪಕ್ಕ ಇದ್ದುದರಿಂದ ಎರಡನ್ನೂ ಸೇರಿಸಿ ಒಂದೇ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿದೆ. ಪಟ್ಟಿಯಲ್ಲಿ ಅದು ಒಂದೇ ಸಾಲು, ಒಳಗೆ ಎಷ್ಟಾದರೂ ಲಾಜಿಕಲ್ ಪಾರ್ಟಿಷನ್ ಮಾಡಬಹುದು. ಮಿಂಟಿಗೆ 50 ಜಿಬಿ, ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಸ್ವಾಪಿಗೆ 4 ಜಿಬಿ, ಉಳಿದದ್ದು ವಿಂಡೋಸಿನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಹೊಸ ಡಿ. ಲಿನಕ್ಸಿಗೆ ಲಾಜಿಕಲ್ ಪಾರ್ಟಿಷನ್ನಿನಲ್ಲಿ ಕೂರಲು ಯಾವ ಬಿಂಕವೂ ಇಲ್ಲ. ವಿಂಡೋಸ್ ಹೊಸ ಡ್ರೈವಿಗೆ ಬೇರೆ ಅಕ್ಷರ ಕೊಟ್ಟಿತ್ತು. ಅದನ್ನು ಮತ್ತೆ ಡಿ ಎಂದು ಬದಲಿಸಿ, ಫೈಲುಗಳನ್ನು ವಾಪಸ್ ಹಾಕಿದ್ದೇ ತಡ, ಅಪ್ಪನ ಶಾರ್ಟ್‌ಕಟ್‌ಗಳೆಲ್ಲ ಮೊದಲಿನಂತೆ ತೆರೆದವು.

ಇನ್‌ಸ್ಟಾಲರಿನಲ್ಲಿ ‘ಸಮ್‌ಥಿಂಗ್ ಎಲ್ಸ್’ ಆರಿಸಿದೆ, ಆನ್ ಮಾಡಿದಾಗ ಯಾವ ಸಿಸ್ಟಂ ಎಂದು ಆರಿಸಲು ಬಿಡುವ ಬೂಟ್‌ಲೋಡರನ್ನು (ಇದರ ಹೆಸರು ಗ್ರಬ್) ಪಾರ್ಟಿಷನ್ನಿಗಲ್ಲ, ಡಿಸ್ಕಿಗೇ ಹಾಕಿದೆ. ಬೇರೆ ಹೇಳುವಂಥದ್ದೇನೂ ಆಗಲಿಲ್ಲ. ನಿಮ್ಮದು ಹಳೆಯ ಬಯಾಸ್ ಬದಲು ಯುಇಎಫ್‌ಐ ಇರುವ ಹೊಸ ಬಗೆಯ ಯಂತ್ರವಾದರೆ ವಿಂಡೋಸ್ ಯಾವ ಮೋಡಿನಲ್ಲಿದೆಯೋ ಪೆನ್‌ಡ್ರೈವನ್ನೂ ಅದೇ ಮೋಡಿನಲ್ಲಿ ಬೂಟ್ ಮಾಡಬೇಕು. ಎರಡನ್ನೂ ಹೊಸದಾಗಿ ಹಾಕುವವರು ವಿಂಡೋಸನ್ನು ಮೊದಲು ಹಾಕಿ: ಎಂಬಿಆರ್ ಡಿಸ್ಕಿನಲ್ಲಿ ಅದು ಬೂಟ್ ಕೋಡನ್ನು ತನ್ನದಾಗಿಸಿಕೊಂಡುಬಿಡುತ್ತದೆ.

ಆಮೇಲಿನ ಒಂದು ಎಡವಟ್ಟು ಪೂರ್ತಿ ನನ್ನದೇ. ಕೆಲಸ ಮುಗಿಯಿತಲ್ಲ ಎಂದು ಹೈಬರ್ನೇಷನ್ನನ್ನು ಮತ್ತೆ ಆನ್ ಮಾಡಿದ್ದೆ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ಪೂ ಎದ್ದು ಕೂತಿತು. ಅದು ಆನ್ ಇದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರೆನಿದ್ದೆಗೆ ಜಾರುತ್ತದೆ, ಡ್ರೈವುಗಳನ್ನು ಪೂರ್ತಿ ಕೈಬಿಡುವುದಿಲ್ಲ. ಹಾಗಾಗಿ ಮಿಂಟಿನಲ್ಲಿ ಡಿ ಒಳಗಿನ ಫೈಲುಗಳನ್ನು ಓದಬಹುದಿತ್ತು, ಬರೆಯಲು ಬರುತ್ತಿರಲಿಲ್ಲ. ಮತ್ತೆ ಆಫ್ ಮಾಡಿದೆ. ಗಡಿಯಾರವೂ ಕೆಲವು ದಿನ ಆಟವಾಡಿಸಿತು. ಯಂತ್ರದ ಸಮಯವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದಿದರೆ ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದು ಓದುತ್ತದೆ. ಸ್ಥಳೀಯ ಎಂದೇ ಓದು ಎಂದು ಮಿಂಟಿಗೆ ಒಂದು ಕಮಾಂಡ್ ಕೊಟ್ಟ ಮೇಲೆ ಜಗಳ ನಿಂತಿತು.

ಕಪ್ಪು ಪರದೆಯ ಗ್ರಬ್ ಮೆನು ಕಂಡು ಅಪ್ಪ ಮೊದಲ ದಿನ ಕಂಪ್ಯೂಟರ್ ಕೆಟ್ಟಿತೆಂದೇ ತಿಳಿದಿದ್ದರು. ಕಳೆದ ಸಲ ಆರಿಸಿದ್ದನ್ನೇ ಗ್ರಬ್ ನೆನಪಿಡುವಂತೆ ಮಾಡಿ, ಕಾಯುವ ಸಮಯವನ್ನು 30 ಸೆಕೆಂಡಿಗೆ ಏರಿಸಿದೆ. ಈಗ ಅವರೇ ವಿಂಡೋಸಿನಲ್ಲಿ ಸ್ಕ್ಯಾನ್ ಮಾಡಿ ಡಿಗೆ ಹಾಕುತ್ತಾರೆ, ರೀಸ್ಟಾರ್ಟ್ ಮಾಡಿ ಮಿಂಟಿನಿಂದ ಇಮೇಲ್ ಕಳಿಸುತ್ತಾರೆ. ಇನ್ನು ಬೇಕಿರುವುದು ಒಂದು ಎಸ್‌ಎಸ್‌ಡಿ.